ಕೆಳಗಿನ ಹೊಲದಲ್ಲಿ ಇಳಿದವರು

ಕೃಷ್ಣೆಯ ದಂಡೆಯಲ್ಲಿ ಟೆಂಟ್ ಹಾಕಲು ಚಲೋ ಜಾಗವಿದೆ, ಕೂಸನ್ನೂ ಕರೆದುಕೊಂಡು ಹೋಗೋಣ ಎಂದು ಇವರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಟೆಂಟಿನ ಪಕ್ಕದ ಹಸಿ ಮಣ್ಣು ಕಂಡದ್ದೇ ನನ್ನ ತವರೂರು ಐಗಳಿಯ ನಮ್ಮ ಕೆಳಗಿನ ಹೊಲ ನೆನಪಾಯಿತು.

ಕುರಿ ಹಿಕ್ಕೆಯ ಗೊಬ್ಬರಕ್ಕಾಗಿ ಅಪ್ಪ ಕುರಿಯವರನ್ನು ಕರೆದು ರಾತ್ರಿ ಅಲ್ಲಿ ಇಳಿಸುತ್ತಿದ್ದರು. ನಾನು ಸಣ್ಣವಳಿದ್ದಾಗ ಒಂದು ಸಲ, ಅವರು ಇಳಿದ ಮರುದಿನ ನಸುಕಿಗೇ ಹೊಲಕ್ಕೆ ಕಾಲುವೆ ನೀರು ಹಾಯಿಸುವ ಪಾಳಿ ನಮ್ಮದಿತ್ತು.

"ಯಾರರೆ ಕೇಳಿದ್ರ ನೀರು ಬರಂಗಿಲ್ಲ ಅನ್ನು. ಅವರು ಮ್ಯಾಲಿನ ಒಣ ಮಡ್ಡಿಗೆ ಹೋಗಿ ಇಳದ್ರ ನಮಗ ಗೊಬ್ಬರ ಎಲ್ಲಿಂದ ಬರಬೇಕು?" ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದರು.

ಕುರಿಯವರ ಹೆಂಗಸು ಅಪ್ಪನ ಮಾತು ನಂಬಲಿಲ್ಲ. ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ನನ್ನ ಹತ್ತಿರ ಬಂದಳು. "ತಂಗಿ, ಇಲ್ಲಿ ನೀರು ಬರತೈತೇನ? ಸಣ್ಣ ಹುಡುಗ್ರು ಸುಳ್ಳ ಹೇಳಂಗಿಲ್ಲ."

"ಬರಂಗಿಲ್ಲ" ಎಂದೆ.

ಬೆಳಿಗ್ಗೆ ಅವಳು ಒದ್ದೆ ಕೌದಿ ಹಿಂಡುತ್ತಿದ್ದಳು. ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದ ನಾಲ್ಕು ಎಳೆ ಮರಿಗಳು ಅಲ್ಲೇ ಮುಳುಗಿ ಸತ್ತಿದ್ದವು.

"ಕೂಸನ್ನ ಎತಗೊಂಡೆ. ಮರಿಗೆ ಕೈ ಸಾಲಲಿಲ್ಲ" ಎಂದಳು, ನನ್ನ ಮುಖವನ್ನೇ ನೋಡುತ್ತ.

"ಗೊಬ್ಬರನೂ ಬಿತ್ತು, ನೀರೂ ಹಾದಂಗಾತು" ಎಂದು ಅಪ್ಪ ನಕ್ಕರು.

ನಮ್ಮ ಕೂಸು ಹುಟ್ಟಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಇವತ್ತು ಟೆಂಟಿನ ಜಾಗದವರಿಗೆ ಫೋನ್ ಮಾಡಿ, ಹೊಳೆ ನೀರು ಮೇಲಕ್ಕೆ ಬರುತ್ತದೆಯೇ ಎಂದು ಮೂರು ಸಲ ಕೇಳಿದೆ.

"ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ನಮ್ಮ ಮಗಳನ್ನ ಕೇಳ್ರಿ ಅಕ್ಕಾರ" ಎಂದು ಅವರು ನಗುತ್ತ ಫೋನನ್ನು ಅವಳ ಕೈಗೆ ಕೊಟ್ಟರು.

"ನೀರು ಬರಂಗಿಲ್ರೀ" ಎಂದಿತು ಎಳೆಯ ದನಿ.

ನಾವು ಹೋಗುತ್ತಿಲ್ಲ.