ಒಂದೇ ಟಿಕ್

ಚಾಮರಾಜಪೇಟೆಯಲ್ಲಿ ಒಬ್ಬಳೇ ಇದ್ದ ನಮ್ಮಕ್ಕ ಮೆಸೇಜ್ ನೋಡಿದ ಕೂಡಲೇ ಡೇಟಾ ಆಫ್ ಮಾಡಿಬಿಡುತ್ತಿದ್ದಳು. ತಿಂಗಳಿಡೀ ಒಂದೇ ಜಿಬಿಯಲ್ಲಿ ಸುಧಾರಿಸುತ್ತಿದ್ದ ಕಾಲದ ಅಭ್ಯಾಸ. ಫೈವ್ ಜಿ ಬಂದಮೇಲೂ ಬಿಡಲಿಲ್ಲ.

"ಈಗ ಅನ್‌ಲಿಮಿಟೆಡ್ ಅಕ್ಕಾ, ಯಾರಿಗೆ ಉಳಿಸ್ತಿದೀಯ?" ಎಂದು ರೇಗುತ್ತಿದ್ದೆ.

"ಕಾವೇರಿ ನೀರು ಬಂತು ಅಂತ ನಲ್ಲಿ ಬಿಟ್ಟೇ ಇರ್ತೀವಾ?" ಅನ್ನುತ್ತಿದ್ದಳು.

ಹೋದ ವಾರ ಒಂದು ಬೆಳಿಗ್ಗೆ "ಸಂಜೆ ಬರ್ತೀನಿ, ಅವರೆಕಾಯಿ ತರ್ಲಾ?" ಎಂದು ಮೆಸೇಜ್ ಕಳಿಸಿದೆ. ಮಧ್ಯಾಹ್ನವಾದರೂ ತಲುಪಿಲ್ಲವೆನ್ನುವ ಒಂದೇ ಟಿಕ್. ಮತ್ತೆ ಡೇಟಾ ಆಫ್ ಮಾಡಿದ್ದಾಳೆ ಎಂದು ಗೊಣಗಿಕೊಂಡೆ; ಫೋನ್ ಮಾಡಲಿಲ್ಲ. ಸಂಜೆ ಹೋದರೆ ಅಡುಗೆಮನೆಯಲ್ಲಿ ಬಿದ್ದಿದ್ದಳು, ಮೈ ತಣ್ಣಗಾಗಿತ್ತು. ಮಧ್ಯಾಹ್ನದ ತನಕ ಜೀವ ಇದ್ದಿರಬೇಕು ಎಂದರು ಡಾಕ್ಟರು.

ಅವಳ ಫೋನ್ ಈಗ ನನ್ನ ಹತ್ತಿರವಿದೆ. ಡೇಟಾ ಆನ್ ಮಾಡಲು ಮನಸ್ಸು ಬರುವುದಿಲ್ಲ. ಮಾಡಿದರೆ ಆ ಮೆಸೇಜ್ ತಲುಪಿಬಿಡುತ್ತದೆ.