ತಗಡಿಗೆ ಕಿವಿಗೊಟ್ಟವರು

ನಮ್ಮ ಬೀದಿಯ ತುದಿಯ ಶೆಡ್ಡಿನಲ್ಲಿ ಹಳೆಯ ಗಾಡಿಗಳ ತಗಡು ಕೆಲಸ ಮಾಡುವವರನ್ನು ನಾವೆಲ್ಲ ಟಿಂಕರಣ್ಣ ಎನ್ನುತ್ತೇವೆ. ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ. ಯಾವ ಗಾಡಿ ಬಂದರೂ ಅಣ್ಣ ಮೊದಲು ಬೆರಳ ಗೆಣ್ಣಿನಿಂದ ಅದರ ಮೈ ತಟ್ಟುತ್ತಾರೆ. ಒಳ್ಳೆಯ ತಗಡು ಠಣ್ ಎನ್ನುತ್ತದೆ. ಹಿಂದೆ ಯಾರೋ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ದಬ್ ಎನ್ನುತ್ತದೆ. ಆ ಕಳ್ಳ ಕೆಲಸವನ್ನು ಹುಡುಕಿ ಕಿತ್ತು ಸರಿಮಾಡುವುದರಲ್ಲೇ ಅವರ ತಲೆ ನರೆತಿದೆ.

ಆದರೆ ಜೀವಮಾನವೆಲ್ಲ ಸುತ್ತಿಗೆಯ ಸದ್ದು ಉಂಡ ಕಿವಿ ಈಚೆಗೆ ಮಂದವಾಗಿತ್ತು. ಅಣ್ಣ ಯಾರಿಗೂ ಹೇಳಿರಲಿಲ್ಲ. ಗಟ್ಟಿಯಾಗಿದೆಯೆಂದು ಅವರು ಕಳಿಸಿದ್ದ ವ್ಯಾನೊಂದರ ಬಾಗಿಲಿಂದ ಹಳೆಯ ಪುಟ್ಟಿ ಒಣಮಣ್ಣಿನಂತೆ ಕಳಚಿ ಬಿದ್ದಿತ್ತು. ಡ್ರೈವರ್ ಜಗಳಕ್ಕೆ ಬರದೆ ವ್ಯಾನನ್ನು ಮತ್ತೆ ಅವರ ಹತ್ತಿರವೇ ತಂದಿದ್ದ. ಅದೇ ಅಣ್ಣನಿಗೆ ಹೆಚ್ಚು ಚುಚ್ಚಿತ್ತು.

ಆಮೇಲೆ ಬಂದದ್ದು ನರ್ಸಮ್ಮನ ಕಾರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆಕೆಗೆ ಆ ಹಳೇ ಕಾರೇ ಕಾಲು.

"ಬಾಗಿಲ ಹತ್ರ ಬಣ್ಣ ಗುಳ್ಳೆ ಎದ್ದಿದೆ ಅಣ್ಣಾ. ಅಷ್ಟು ನೋಡಿಬಿಡಿ," ಎಂದು ಹೋದರು.

ಅಣ್ಣ ಗುಳ್ಳೆ ಕೆರೆದರು. ಬೆರಳುದಪ್ಪದ ಪುಟ್ಟಿ, ಅದರಡಿ ತಂತಿಬಲೆ, ಅದರಡಿ ಪುಡಿಪುಡಿ ತುಕ್ಕು. ಇಂಥ ತೇಪೆ ಇನ್ನೆಲ್ಲೆಲ್ಲಿದೆಯೋ! ಬಾಗಿಲ ಕೆಳಗಿನ ಪಟ್ಟಿಯೇ ಹೀಗಿದ್ದರೆ ಒಂದು ಗುದ್ದಿಗೆ ಕಾರು ಮಡಚಿಕೊಳ್ಳುತ್ತದೆ. ತಟ್ಟಿದರು. ಮತ್ತೆ ತಟ್ಟಿದರು. ಎಲ್ಲ ಕಡೆಯೂ ಒಂದೇ ಸದ್ದು.

ಊಟದ ಡಬ್ಬಿ ತಂದ ಅತ್ತಿಗೆ ನಿಂತು ನೋಡುತ್ತಲೇ ಇದ್ದರು.

"ಈ ಕಾರು ವಾಪಸ್ ಕಳಿಸ್ತೀನಿ ಕಣೇ," ಎಂದರು ಅಣ್ಣ, ಮುಖ ತಿರುಗಿಸದೆ. "ಶೆಡ್ಡೂ ಮುಚ್ಚಿಬಿಡ್ತೀನಿ. ನಂಗೆ ಕಿವಿ ಕೇಳ್ತಿಲ್ಲ."

ಅತ್ತಿಗೆ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರು: "ಗೊತ್ತು ರೀ. ನಲ್ಲಿ ತೊಟ್ಟಿಕ್ಕಿದ್ರೆ ನಿದ್ದೆ ಬರಲ್ಲ ಅಂತಿದ್ದೋರು ಈಗ ಹಾಯಾಗಿ ಗೊರಕೆ ಹೊಡೀತೀರಿ."

"ಗೊತ್ತಿದ್ದೂ ಸುಮ್ನಿದ್ಯಾ?"

"ಕಿವಿ ನೆಟ್ಟಗಿದ್ದಾಗ ನನ್ನ ಮಾತು ಎಷ್ಟು ಕೇಳಿದ್ರಿ? ಸರೀರಿ ಆಚೆ."

ಮಣ್ಣಿನ ಹೂಜಿ ಕೊಳ್ಳುವಾಗ ಒಂದೊಂದನ್ನೂ ತಟ್ಟಿ, ಬಿರುಕಿದ್ದರೆ ಸದ್ದಿನಲ್ಲೇ ಹಿಡಿಯುವವರು ಅತ್ತಿಗೆ. ಈಗ ಕಾರಿನ ಮೈ ತಟ್ಟಿದರು. "ಇಲ್ಲಿ ದಬ್." ಅಣ್ಣ ಸೀಮೆಸುಣ್ಣದ ಗುರುತು ಹಾಕಿ ಕೆರೆದರು. ಪುಟ್ಟಿ! "ಇಲ್ಲೂ." ಅಲ್ಲೂ ಪುಟ್ಟಿ.

ಬಾಗಿಲ ಕೆಳಗಿನ ಪಟ್ಟಿ ಠಣ್ ಎಂದಿತು. "ಇದು ಚೆನ್ನಾಗಿದೆ," ಎಂದರು ಅತ್ತಿಗೆ. ಪಕ್ಕದಲ್ಲೇ ಅಂಗೈ ಊರಿ ಕೂತಿದ್ದ ಅಣ್ಣ ತಲೆಯೆತ್ತಿದರು.

"ತಡಿ. ಇನ್ನೊಂದ್ಸಲ ತಟ್ಟು. ತಗಡು ಒಂದೇ ಆದ್ರೆ ನಡುಕ ನನ್ನ ಕೈವರೆಗೂ ಬರ್ಬೇಕು. ನಡುವೇನೇ ನಿಂತುಹೋಗ್ತಿದೆ."

ಕೆರೆದರೆ, ತೂತಿನ ಮೇಲೆ ಯಾರೋ ಬೇರೆ ತಗಡಿನ ತುಂಡು ಅಂಟಿಸಿದ್ದರು. ತಗಡೇ ಆದ್ದರಿಂದ ಅದೂ ಠಣ್ ಎಂದಿತ್ತು. ಅಣ್ಣ ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ದೇವರು ಒಂದು ಕಡೆಯಿಂದ ತೆಗೆದುಕೊಂಡದ್ದನ್ನು ಎಲ್ಲಿ ಜೋಪಾನ ಮಾಡಿಟ್ಟಿರುತ್ತಾನೋ, ನಾವೇನು ಬಲ್ಲೆವು.

ಸಂಜೆ ನರ್ಸಮ್ಮ ಬಂದು, ಅಲ್ಲಲ್ಲಿ ಕೆರೆದ ಕಾರು ನೋಡಿ ಹೌಹಾರಿದರು. "ಇದೇನಣ್ಣಾ, ನನ್ನ ಕಾರಿಗೆ ಸಿಡುಬಾ?"

"ಹಳೇ ತೇಪೆ ಎಲ್ಲ ಕಿತ್ತು ಹೊಸ ತಗಡು ಬೆಸೀಬೇಕಮ್ಮ. ನಿಧಾನ ಆಗುತ್ತೆ. ಬಿಟ್ಟುಹೋಗಿ," ಎಂದರು ಅಣ್ಣ.

ಮರುದಿನ ಅತ್ತಿಗೆ ಮಧ್ಯಾಹ್ನದವರೆಗೆ ಕಾಯಲಿಲ್ಲ. ಇಬ್ಬರ ಊಟವನ್ನೂ ಕಟ್ಟಿಕೊಂಡು ಬೆಳಿಗ್ಗೆಯೇ ಶೆಡ್ಡಿಗೆ ಹೊರಟರು.