ಗಫೂರ್ ಸಾಬರ ಹೊಟ್ಟೆ ಕಿಟಕಿ

ನಮ್ಮ ಸರಸು ಹೆಣ್ಣು ಹೆತ್ತಿದ್ದಾಳೆ. ಇವತ್ತು ಬೆಳಗ್ಗೆ ಆಸ್ಪತ್ರೆಯಿಂದ ಮಗು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದಳು, ನಾನು ಅಜ್ಜಿಯಾದೆ. ನಡೆಯಲಾರದವಳಿಗೆ ಮದುವೆಯೆಲ್ಲಿ, ಮಗುವೆಲ್ಲಿ ಅಂದವರೆಲ್ಲ ಬಂದು ನೋಡಿಕೊಂಡು ಹೋಗಲಿ. ಬಾಗಿಲು ತೆಗೆದೇ ಇಟ್ಟಿದ್ದೀನಿ.

ಕೂಸನ್ನು ಮೊದಲು ಮಲಗಿಸಿದ್ದು ತೊಟ್ಟಿಲಲ್ಲಲ್ಲ, ಗಫೂರ್ ಸಾಬರು ಮಾಡಿದ ಕಿಟಕಿಯ ಕಟ್ಟೆ ಮೇಲೆ.

ಸಾಬರು ಶಿವಾಜಿನಗರದ ಬಡಗಿ. ಕೆಲಸಕ್ಕೆ ಬಂದ ದಿನ ಉಳಿ ಮುಟ್ಟುತ್ತಿರಲಿಲ್ಲ. ಕಿಟಕಿ ಬರಬೇಕಾದ ಜಾಗದಲ್ಲಿ ಮೋಟು ಸ್ಟೂಲು ಹಾಕಿಕೊಂಡು ಬೆಳಗಿಂದ ಸಂಜೆವರೆಗೂ ಸುಮ್ಮನೆ ಕೂರುತ್ತಿದ್ದರು. ಬಿಸಿಲು ಎಲ್ಲಿಂದ, ಗಾಳಿ ಎಲ್ಲಿಂದ ನೋಡಬೇಕಂತೆ. ಹಲಸೂರಿನ ನಮ್ಮ ಅಂಗಳದಲ್ಲಿ ಹಾಗೆ ಕೂತಾಗ ಬೀದಿಯೇ ನಕ್ಕಿತು. "ನಗ್ಲಿ ಬಿಡಿ ಅಮ್ಮಾ. ಮೊದ್ಲು ಕೂರ್ಬೇಕು, ಆಮೇಲೆ ಕುಯ್ಬೇಕು" ಅಂದರು.

ಸರಸೂಗೆ ಆಗ ಹನ್ನೆರಡು. ಪೋಲಿಯೋದಲ್ಲಿ ಎರಡೂ ಕಾಲು ಸೋತಿದ್ದವು. ನಮ್ಮ ಯಜಮಾನರ ಅಣ್ಣ, ನಮ್ಮ ಭಾವನವರು, ಅದೇ ಮನೆಯಲ್ಲಿದ್ದರು. "ನನ್ ಮಗಳನ್ನ ನೋಡಕ್ಕೆ ಬರೋರು ಇವಳನ್ನ ನೋಡಿದ್ರೆ ಸಂಬಂಧ ತಪ್ಪೋಗುತ್ತೆ, ಹಿಂದಿನ ಕೋಣೇಲೇ ಇರ್ಲಿ" ಅಂತ ಅವರ ಹಟ. ಆ ಕೋಣೆಗೆ ಬೆಳಕೇ ಇಲ್ಲ. ಹುಡುಗಿ ಸುಣ್ಣದ ಹಾಗೆ ಬಿಳಚಿಕೊಂಡಳು. ಬೀದಿ ಕಡೆಯ ಮುಂದಿನ ಕೋಣೆಯಲ್ಲಿ ಅವಳಿಗೊಂದು ಕಿಟಕಿ ಮಾಡಿಸೋಣ ಅಂತ ಯಾರನ್ನೂ ಕೇಳದೆ ಸಾಬರನ್ನು ಕರೆಸಿದೆ. ಯಜಮಾನರು ಪೇಪರು ಅಡ್ಡ ಹಿಡಿದುಕೊಂಡರು.

"ಗೋಡೇಲಿ ತೂತು ಬೇಡ ಅಮ್ಮಾ. ಗೋಡೆ ದಾಟಿ ಎರಡಡಿ ಆಚೆ ಹೋಗೋಣ. ಮೂರು ಕಡೆ ಗಾಜು, ಮೂರು ಕಡೆ ಹವಾ. ಬೀದಿ ಆ ತುದಿನೂ ಕಾಣುತ್ತೆ, ಈ ತುದಿನೂ" ಅಂದರು ಸಾಬರು. ಸರಸೂನ ನೆಲದ ಮೇಲೆ ಕೂರಿಸಿ ಮೊಣಕೈವರೆಗೆ ದಾರ ಹಿಡಿದರು. ಕಟ್ಟೆ ಅಷ್ಟೇ ಎತ್ತರ. "ಬಚ್ಚಿ ಯಾರ ಕೈನೂ ಹಿಡೀದೆ ಹತ್ಬೇಕು."

ಭಾವನವರು ಕೂಗಾಡಿದರು. "ಮನೆಗೆ ಹೊಟ್ಟೆ ಬಂದಂಗಿದೆ, ಏನ್ರೀ ಇದು?"

ಸಾಬರು ತಲೆ ಎತ್ತದೆ ಹೇಳಿದರು. "ಬಿಳೀ ದೊರೆಗಳ ಬಂಗ್ಲೇಲಿ ಇಂಥಾ ಕಿಟಕಿ ಎಷ್ಟು ರಿಪೇರಿ ಮಾಡಿದೀನಿ ಸಾರ್. ಅಲ್ಲಿ ನಾಯಿ ಕೂರ್ತಿತ್ತು. ಇಲ್ಲಿ ನಿಮ್ ಮನೆ ಮಗಳು ಕೂರ್ತಾಳೆ. ನಾಯಿಗೆ ಇಲ್ದಿರೋ ತಕರಾರು ಇವಳಿಗ್ಯಾಕೆ?"

ಕಿಟಕಿ ಮುಗಿದ ದಿನ ಸರಸು ತಾನೇ ಹತ್ತಿ ಕೂತಳು. ಆಮೇಲೆ ಇಳಿದಿದ್ದು ಕಮ್ಮಿ. ಅಲ್ಲೇ ಓದು, ಅಲ್ಲೇ ಹೊಲಿಗೆ. ಕಟ್ಟೆ ಕೆಳಗಿನ ಪೆಟ್ಟಿಗೆಯಲ್ಲಿ ಬಟ್ಟೆ. ಅವಳಿಗೆ ಹದಿನೆಂಟಾದ ಮೇಲೆ ಬೀದಿ ತುದಿಯ ಟೈಲರು ರಾಮಚಂದ್ರ ಕಾಜ ಹಾಕಿಸೋಕೆ ಅಂಗಿಗಳನ್ನ ಆ ಕಿಟಕಿಗೇ ತಂದುಕೊಡುತ್ತಿದ್ದ. ಐದು ವರ್ಷ ತಂದುಕೊಟ್ಟು, ಕೊನೆಗೆ ಬಾಗಿಲಿಗೇ ಬಂದು ಹೆಣ್ಣು ಕೇಳಿದ. ಭಾವನವರ ಮಗಳ ಮದುವೆಯೂ ಆಯಿತು, ಯಾವ ಸಂಬಂಧವೂ ತಪ್ಪಲಿಲ್ಲ.

ಹೋದ ವರ್ಷ ಸಾಬರು ಕೆಮ್ಮುತ್ತಾ ಬಂದು ಕಿಟಕಿಯ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಹೋಗುವಾಗ ಸ್ಟೂಲು ಇಲ್ಲೇ ಬಿಟ್ಟರು. "ಇನ್ನು ಕೂತು ನೋಡೋ ಕೆಲಸ ಇಲ್ಲ ಅಮ್ಮಾ." ಎರಡು ತಿಂಗಳಿಗೆ ಹೋಗಿಬಿಟ್ಟರು.

ಇವತ್ತು ಸಂಜೆ ಎಲ್ಲರೂ ಊಟಕ್ಕೆ ಸೇರಿದೆವು. ಭಾವನವರು ಮಗೂನ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಟ್ಟೆಯಲ್ಲಿ ಕೂತುಬಿಟ್ಟಿದ್ದರು. "ಗಾಳಿ ಚೆನ್ನಾಗಿದೆ, ನಂಗಿಲ್ಲೇ ಬಡಿಸಮ್ಮ" ಅಂದರು.

"ಏಳಿ ಭಾವ, ಅದು ಸರಸು ಜಾಗ" ಅಂದೆ.

ಎದ್ದರು. ಸರಸು ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು, ಅವರಿಂದ ಮಗೂನ ಮಡಿಲಿಗೆ ತೆಗೆದುಕೊಂಡಳು. ಭಾವನವರಿಗೆ ಸಾಬರ ಸ್ಟೂಲು ಹಾಕಿ, ಕೈಗೆ ತಟ್ಟೆ ಕೊಟ್ಟು, ಪಾಯಸ ಎರಡು ಸಲ ಬಡಿಸಿದೆ.